ಹದಿನೈದಕ್ಕೆ ಹದಿನೈದು

ಆಸ್ಪತ್ರೆ, ಮೂರನೇ ಮಹಡಿ, ಲಿಫ್ಟಿನ ಎದುರಿನ ಬೆಂಚು
ಬುಧವಾರ ಬೆಳಿಗ್ಗೆ, ಹದಿನಾಲ್ಕನೇ ತಾರೀಖು

ಪ್ರೀತಿಯ ಚಿನ್ನೂ,

ನಿನ್ನ ಕೆಮ್ಮು ಹೇಗಿದೆ? ಹಡಗಿನ ಅಡುಗೆಮನೆಯ ಹೊಗೆ ಕುಡಿದು ಬಂದ ಕೆಮ್ಮದು, ಉದಾಸೀನ ಮಾಡಬೇಡ. ಈಗ ಎಲ್ಲಾದರೂ ಕೂತುಕೊಂಡು ಓದು. ಕಳೆದ ಗುರುವಾರ ನಿನ್ನ ತಮ್ಮ ಒಂದು ಅಂಗಡಿಯ ಬೋರ್ಡು ಬರೆಯುತ್ತಿದ್ದವನು ಏಣಿಯಿಂದ ಬಿದ್ದ. ತಲೆ ಫುಟ್‌ಪಾತಿನ ಅಂಚಿಗೆ ಬಡಿಯಿತು. ಒಂದು ತೊಟ್ಟು ರಕ್ತ ಬರಲಿಲ್ಲ, ಚೆಲ್ಲಿದ್ದು ಬಣ್ಣ ಮಾತ್ರ.

ಇಲ್ಲಿ ತಲೆಗೂ ಅಂಕ ಕೊಡುತ್ತಾರೆ ಕಣೇ. ಕಣ್ಣು ಬಿಡುವುದಕ್ಕೆ ನಾಲ್ಕು, ಮಾತಿಗೆ ಐದು, ಕೈಕಾಲು ಆಡಿಸುವುದಕ್ಕೆ ಆರು. ಮೂವತ್ತು ವರ್ಷ ಮೂರನೇ ಕ್ಲಾಸಿಗೆ ಪಾಠ ಮಾಡಿದವಳಿಗೆ ಇದೇನು ಹೊಸದೇ! ನರ್ಸ್ ಗಂಟೆಗೊಮ್ಮೆ ಬಂದು ಅವವೇ ಪ್ರಶ್ನೆ ಕೇಳುತ್ತಿದ್ದಳು: ಇದು ಯಾವ ಜಾಗ, ಇವತ್ತು ಯಾವ ವಾರ. ಸಂಜೆ ಹದಿನೈದಕ್ಕೆ ಹದಿನೈದು ಬಂತು. ಮಿದುಳು ಬರೀ ಅಲುಗಿದೆ, ಪೆಟ್ಟು ಸಣ್ಣದು ಎಂದು ಮನೆಗೆ ಕಳಿಸಿದರು. ಶನಿವಾರ ಮಧ್ಯಾಹ್ನ ಊಟಕ್ಕೆ ಎಬ್ಬಿಸಿದರೆ ಏಳಲಿಲ್ಲ. ಸ್ಕ್ಯಾನ್ ಮಾಡಿದರೆ, ಬುರುಡೆಯೊಳಗೆ ರಕ್ತ ನಿಧಾನವಾಗಿ ಜಿನುಗಿ, ಹೆಪ್ಪುಗಟ್ಟಿ ಮಿದುಳನ್ನು ಒತ್ತಿಹಿಡಿದಿದೆ. ಅವತ್ತೇ ಆಪರೇಷನ್ ಆಯಿತು. ನಿನ್ನೆ ಆರು, ಇವತ್ತೂ ಆರೇ. ಏನೂ ಮಾಡದೆ ಮಲಗಿದವರಿಗೂ ಮೂರು ಕೊಡುತ್ತಾರಂತೆ. ಅಂದರೆ ನಮ್ಮವನ ದುಡಿಮೆ ಬರೀ ಮೂರು.

"ಯಾರ್ದೂ ತಪ್ಪಲ್ಲಮ್ಮಾ, ಕೆಲವು ಸಲ ಮೊದಲು ಗೊತ್ತೇ ಆಗಲ್ಲ" ಅಂದರು ಡಾಕ್ಟರು. ನಿಮ್ಮಪ್ಪ ತಲೆಯಾಡಿಸಿದರು. ನಾನು ಎದ್ದು ಈ ಬೆಂಚಿಗೆ ಬಂದು ಕೂತೆ.

ಹೊತ್ತಿಗೆ ಸರಿಯಾಗಿ ತಿನ್ನು. ನನ್ನ ಆಯಸ್ಸೂ ನಿನಗಿರಲಿ ಎಂದು ಪ್ರತಿ ಸಲ ಬರೆಯುತ್ತಿದ್ದೆ. ಈ ಸಲ ಅದು ಅವನಿಗೆ ಬೇಕು, ಬೇಜಾರು ಮಾಡಿಕೊಳ್ಳಬೇಡ.

ನಿನ್ನ
ಅಮ್ಮ

ತಾ.ಕ.: ಮರೆತಿದ್ದೆ ಅಂದರೆ ಸುಳ್ಳು. ಗುರುವಾರ ಮೊದಲ ಸಲ ಕೇಳಿದಾಗ ಅವನು "ಇದು ಸ್ಕೂಲು, ಭಾನುವಾರ" ಅಂದಿದ್ದ. ನರ್ಸ್ ಹದಿನಾಲ್ಕು ಎಂದು ಬರೆದುಕೊಂಡು, "ಇನ್ನೊಂದ್ಸಲ ಹೀಗೇ ಅಂದ್ರೆ ಸ್ಕ್ಯಾನ್ ಮಾಡಿಸ್ತೀವಿ" ಅಂದಳು. ನನ್ನ ಮಗ ಇಷ್ಟು ಸುಲಭದ ಪ್ರಶ್ನೆಗೆ ತಪ್ಪುವುದೇ! ಅವಳು ಅತ್ತ ಹೋದದ್ದೇ ತಡ, ಅವನ ಕೈ ಹಿಡಿದು ಬಾಯಿಪಾಠ ಮಾಡಿಸಿದೆ: ಆಸ್ಪತ್ರೆ, ಗುರುವಾರ. ಮುಂದಿನ ಸಲ ಗಿಳಿಯ ಹಾಗೆ ಒಪ್ಪಿಸಿದ. ನಾನು ಬೆನ್ನು ತಟ್ಟಿದೆ. ಚಿಕ್ಕವಳಿದ್ದಾಗ ನೀನು ರೇಗುತ್ತಿದ್ದೆಯಲ್ಲ, "ಹೇಳ್ಕೊಡ್ಬೇಡಮ್ಮಾ, ಅವ್ನೇ ಹೇಳ್ಲಿ" ಅಂತ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಅಗೋ, ನರ್ಸ್ ಒಳಗೆ ಹೋದಳು, ಅದೇ ಪ್ರಶ್ನೆ ಕೇಳುತ್ತಾಳೆ. ನಾನು ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ. ತಪ್ಪೇ ಹೇಳಲಿ ಚಿನ್ನೂ, ಏನಾದರೂ ಒಂದು ಹೇಳಲಿ.