ಅಮ್ಮನ ಹುಬ್ಬಿನ ಗಾಯ

೧೪ ಮಾರ್ಚ್ ೧೯೮೨, ಭಾನುವಾರ. ಚೊಂಗ್‌ಚಿಂಗ್.

ನಿನ್ನೆಯ ಬೈಗುಳ ಇನ್ನೂ ಕಿವಿಯಲ್ಲೇ ಇದೆ. ಕಲಾಶಾಲೆಯ ಕೊನೆಯ ಪರೀಕ್ಷೆಗೆಂದು ಮೂರು ತಿಂಗಳು ಕೂತು ಮರದ ಹಲಗೆಯಲ್ಲಿ ಅಮ್ಮನ ಮುಖ ಕೆತ್ತಿದೆ. ಮಸಿ ಬಳಿದು ಕಾಗದಕ್ಕೆ ಅಚ್ಚು ಹಾಕಿದಾಗ ಎಡಬಲ ಅದಲುಬದಲಾಗುತ್ತದೆಂಬುದನ್ನೇ ಮರೆತಿದ್ದೆ. ಬಟ್ಟೆ ಗಿರಣಿಯಲ್ಲಿ ಮಗ್ಗದ ಲಾಳಿ ಬಡಿದು ಅವಳ ಎಡಹುಬ್ಬಿಗಾದ ಗಾಯ ಕಾಗದದಲ್ಲಿ ಬಲಕ್ಕೆ ಬಂತು.

"ನಾಲ್ಕು ವರ್ಷ ಇಲ್ಲಿ ಕತ್ತೆ ಕಾಯ್ತಿದ್ದೇನಯ್ಯಾ? ಹೊಸದು ಕೆತ್ತು," ಎಂದು ಚಿಯು ಮೇಷ್ಟ್ರು ಬೇರೆ ಹಲಗೆ ಕೊಟ್ಟರು.

ಇವತ್ತು ಆ ಅಚ್ಚು ಹಿಡಿದು ನದಿ ದಾಟಿ ಮನೆಗೆ ಹೋದೆ. ಅಮ್ಮ ಹಿಟ್ಟಿನ ಕೈ ಒರೆಸಿಕೊಂಡು ಚಿತ್ರ ನೋಡಿದಳು.

"ಅಯ್ಯೋ, ಥೇಟ್ ನಾನೇ ಕಣೋ!"

"ಗಾಯ ಆ ಕಡೆ ಹೋಗಿದೆಯಮ್ಮ."

"ಎಲ್ಲೋ ಹೋಗಿದೆ? ದಿನಾ ಕನ್ನಡೀಲಿ ನಾನು ನೋಡೋಳು ಇವಳೇ."

ನಾನು ಕಂಡ ಅಮ್ಮನನ್ನು ಕೆತ್ತಿದರೆ ಪಾಸು, ನಿಜ. ಅವಳು ಕಂಡ ಅವಳು ಇದರಲ್ಲಿ ಮಾತ್ರ ಇದ್ದಾಳೆ. ನಾಳೆ ಇದನ್ನೇ ಕೊಡುತ್ತೇನೆ. ಮೇಷ್ಟ್ರು ಬೈದರೆ ಬೈಯಲಿ, ಅಮ್ಮ ಒಪ್ಪಿದ ಮೇಲೆ...