ಗ್ರೇವಿಯನ್ನ ಉಳಿಸಿಕೊಂಡದ್ದು

ಜೂನ್ 11

ಮತ್ತೆ ಹೋರಿಗೆ ಸ್ನಾನ. ದಿನಾ ಇದೇ ಗೋಳು. ತೊಳೆಯೋದು, ಬ್ಲೋವರ್ ಹಿಡಿಯೋದು, ಕೂದಲನ್ನ ಮುಂದಕ್ಕೆ ಬಾಚೋದು. ಈ ಮನೇಲಿ ಮನುಷ್ಯರು ತಲೆ ಬಾಚಿ ಎಷ್ಟು ದಿನ ಆಯ್ತೋ, ಹೋರಿಗೆ ಮಾತ್ರ ಬ್ಯೂಟಿ ಪಾರ್ಲರ್. ಬಿಸಿಲು ಬಿದ್ರೆ ಕೂದಲು ಉದುರತ್ತೆ ಅಂತ ಮಾರ್ನಿ ಅದನ್ನ ಹಗಲೆಲ್ಲಾ ಕೊಟ್ಟಿಗೇಲಿ ಫ್ಯಾನ್ ಕೆಳಗೆ ನಿಲ್ಲಿಸ್ತಾಳೆ. ಅಡುಗೆಮನೆಗೊಂದು ಫ್ಯಾನ್ ಕೇಳಿ ಕೇಳಿ ನನ್ನ ಬಾಯಿ ಒಣಗಿದೆ.

"ಅಮ್ಮ, ಬಾಲ ಹಿಡ್ಕೋ ಬಾ."

"ನಿಮ್ಮಪ್ಪನ್ನ ಕರಿ."

"ಅಪ್ಪ ಹುಲ್ಲು ಕೊಯ್ಯೋಕೆ ಹೋದ. ಬಾರಮ್ಮ, ಒದೆಯಲ್ಲ ಇವನು."

ಹೋದೆ, ಹಿಡಿದೆ. ಮಾರ್ನಿಗೆ ಹದಿಮೂರು, ಹೋರಿ ಅವಳ ಹತ್ತರಷ್ಟಿದೆ. ಹೋದ ಅಕ್ಟೋಬರಿನಲ್ಲಿ ಅವಳಣ್ಣ ಕೋಲ್ಟನ್ ತಾನೇ ಆರಿಸಿ ತಂದಿದ್ದ. ಜುಲೈ ಕೊನೇ ಜಾನುವಾರು ಮೇಳಕ್ಕೆ ಮಾಂಸಕ್ಕಂತ ಒಯ್ಯೋ ಹೋರಿಗೆ ಇಲ್ಲಿ ಮಕ್ಕಳು ತಿನ್ನೋ ಪದಾರ್ಥದ ಹೆಸರೇ ಇಡೋದು - ಕೊನೇಗೆ ಎಲ್ಲಿಗೆ ಹೋಗತ್ತೆ ಅನ್ನೋದು ಮರೀಬಾರದು ಅಂತ. ಗ್ರೇವಿ ಅಂತ ಇಟ್ಟ.

ಮಾರ್ಚಿನಲ್ಲಿ ಕೋಲ್ಟನ್ ಹೋದ. ಹಳ್ಳದ ದಂಡೇಲಿ ಹೊಲದಲ್ಲಿ ಓಡಿಸೋ ನಾಲ್ಕು ಚಕ್ರದ ಬೈಕು ಮಗುಚಿ... ಬರೆಯಲ್ಲ. ಹೋರಿ ಉಳೀತು.

ಜೂನ್ 14

ಚರ್ಚಿನ ಹಾಲಿನಲ್ಲಿ ದನ-ಕುರಿ ಸಾಕೋ ಮಕ್ಕಳ ಫೋರ್-ಎಚ್ ಕ್ಲಬ್ ಸಭೆ. ಗಸಗಸೆ ತುಂಬಿದ ಕೊಲಾಚಿ ಬನ್ನು ಮಾಡಿ ಒಯ್ದಿದ್ದೆ. ಒಂದೂ ಉಳಿಯಲಿಲ್ಲ. ಮಗ ಸತ್ತ ಮನೆಯವಳು ತಂದದ್ದು ಅಂತ ಹಸಿವಿಲ್ಲದವರೂ ತಿಂದರು.

ಕ್ಲಬ್ ನೋಡಿಕೊಳ್ಳೋ ಅರ್ಲೀನ್ ಎದ್ದು ಹೇಳಿದಳು - ಹೋರಿ ಮನೆತನದ ಹೆಸರಲ್ಲಿ ದಾಖಲಾಗಿದೆ, ತಂಗಿ ತರಬಹುದು, ಅಡ್ಡಿಯಿಲ್ಲ. ಕೋಲ್ಟನ್ ನೆನಪಿಗೆ ಮೇಳದ ಹರಾಜಿನ ಸಂಜೆ ಗ್ರೇವಿಯೇ ಕೊನೇ ಹೋರಿ. ಮಾರ್ನಿ ಹಗ್ಗ ಹಿಡಿದು ಮುಂದೆ, ಕ್ಲಬ್ಬಿನ ಮಕ್ಕಳೆಲ್ಲಾ ಬಿಳಿ ಶರ್ಟು ಹಾಕಿ ಹಿಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರ್ನಿ ಮುಖ ಎಷ್ಟೋ ತಿಂಗಳ ಮೇಲೆ ಅರಳಿತು.

ನನಗೆ ಬೇರೇದೇ ಕೊರೀತಿತ್ತು. ಮೇಳದ ತೂಕದ ಕಟ್ಟೆ ಹತ್ತಿದ ಹೋರಿ ಮನೆಗೆ ವಾಪಸ್ ಬರೋ ಹಾಗಿಲ್ಲ. ಹರಾಜಾದ ಸಂಜೆಯೇ ಕಸಾಯಿಖಾನೆ ಲಾರಿ. ಇದು ಗೊತ್ತಿಲ್ಲದ ವಿಷಯವೇನಲ್ಲ. ನಾನೂ ಹುಡುಗಿಯಾಗಿದ್ದಾಗ ನಾಲ್ಕು ಹೋರಿ ಹತ್ತಿಸಿದವಳೇ. ಅತ್ತಿದ್ದೆ, ಆಮೇಲೆ ಐಸ್‌ಕ್ರೀಂ ತಿಂದಿದ್ದೆ.

ಜೂನ್ 20

ಊಟದ ಹೊತ್ತಿಗೆ ಗಂಡ ಡುವೇನ್‌ಗೆ ಹೇಳೇಬಿಟ್ಟೆ. ಗ್ರೇವೀನ ಇಟ್ಕೊಳ್ಳೋಣ.

"ಇಟ್ಕೊಂಡು?"

"ಇಟ್ಕೊಂಡು ಏನು, ಇರ್ಲಿ."

"ಬೀಜ ಒಡೆದ ಹೋರಿ ಕಣೇ ಅದು. ತಳಿಗೂ ಆಗಲ್ಲ, ಹಾಲಿಗೂ ಇಲ್ಲ. ಮೈ ತುಂಬೋ ಹಾಗೆ ತಿನ್ನಿಸಿದೀವಿ. ಇನ್ನೆರಡು ವರ್ಷ ಬಿಟ್ರೆ ತನ್ನ ಭಾರಕ್ಕೆ ತಾನೇ ಕಾಲು ಸೋತು ಬೀಳತ್ತೆ. ಅದನ್ನ ನೋಡ್ತೀಯಾ?"

ಮಾರ್ನಿ ತಟ್ಟೆ ತಳ್ಳಿದಳು. "ಅಣ್ಣ ಶುರು ಮಾಡಿದ್ದು. ನಾನು ಮುಗಿಸ್ತೀನಿ. ಅಷ್ಟೇ." ಎದ್ದು ಕೊಟ್ಟಿಗೆಗೆ ಹೋದಳು. ಡುವೇನ್ ನನ್ನ ಮುಖ ನೋಡಲಿಲ್ಲ, ಬ್ರೆಡ್ಡಿಗೆ ಬೆಣ್ಣೆ ಸವರ್ತಾ ಕೂತ. ಗಂಡಸರಿಗೇನು, ಮನಸ್ಸು ಕಲ್ಲು ಮಾಡ್ಕೋತಾರೆ. ಹಾಗಂತ ಬೈದುಕೊಂಡೆ. ಅವನೂ ಸ್ನಾನದ ಮನೇಲಿ ನಲ್ಲಿ ಬಿಟ್ಟು ಅಳ್ತಾನೆ ಅಂತ ಗೊತ್ತಿದ್ದೂ.

ಜುಲೈ 2

ಮಧ್ಯಾಹ್ನ ಯಾರೂ ಇಲ್ಲದಾಗ ಕೊಟ್ಟಿಗೆಗೆ ಹೋಗ್ತೀನಿ. ದಿನಾ ಆಗಿಬಿಟ್ಟಿದೆ. ಮುಂಗಾಲಿನ ಹಿಂದೆ ಒಂದು ಜಾಗ ಇದೆ, ಕೋಲಿಂದ ಅಲ್ಲಿ ತುರಿಸಿದ್ರೆ ಗ್ರೇವಿ ಕಣ್ಣು ಮುಚ್ಚಿ ತಲೆ ತಗ್ಗಿಸ್ತದೆ. ಕೋಲ್ಟನ್ ಕಂಡುಹಿಡಿದ ಜಾಗ. ಅವನ ಕೈ ಗುರುತಿರೋ ಜೀವ ಇದೊಂದೇ ಅನಿಸತ್ತೆ. ಇದನ್ನೂ ಲಾರಿ ಹತ್ತಿಸಿದ್ರೆ ನನಗೆ ಇನ್ನೇನು ಉಳೀತು?

ತುರಿಸ್ತಾ ಕೂತ್ರೆ ಹೊತ್ತು ಹೋದದ್ದೇ ಗೊತ್ತಾಗಲ್ಲ. ಇವತ್ತು ಮಾರ್ನಿ ಈಜೋಕೆ ಕರ್ಕೊಂಡು ಹೋಗು ಅಂತ ಕಾದು ಕಾದು ಸೈಕಲ್ಲಲ್ಲಿ ಒಬ್ಬಳೇ ಹೋದಳಂತೆ.

ಜುಲೈ 13

ಸಂಜೆ ಕಟ್ಟೋಕೆ ತಂದಾಗ ಗ್ರೇವಿ ಹಿಂಗಾಲು ಸ್ವಲ್ಪ ಎತ್ತಿ ಇಟ್ಟಂಗಾಯ್ತು. ಕುಂಟೋ? ಕಲ್ಲು ಒತ್ತಿದ್ದೋ? ಮಾರ್ನಿ ಗಮನಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಗೊರಸು ಕೊಳೆತರೆ ಪೆನಿಸಿಲಿನ್ ಚುಚ್ಚಬೇಕು. ಫ್ರಿಜ್ಜಿನ ಬಾಗಿಲಲ್ಲೇ ಇದೆ ಸೀಸೆ.

ಜುಲೈ 14

ಬೆಳಿಗ್ಗೆ ಕುಂಟು ಇರಲಿಲ್ಲ. ಗೊರಸು ಎತ್ತಿ ನೋಡಿದೆ, ಏನೂ ಇಲ್ಲ. ಆದ್ರೂ ಚುಚ್ಚಿದೆ.

ಇಲ್ಲಾದ್ರೂ ನಿಜ ಬರೀತೀನಿ. ಔಷಧಿ ಚುಚ್ಚಿದ ದನವನ್ನ ಅದು ಮೈಯಿಂದ ಇಳಿಯೋ ತನಕ ಕಡಿಯೋ ಹಾಗಿಲ್ಲ. ಕ್ಲಬ್ಬಿನ ಎಂಟು ವರ್ಷದ ಮಗೂಗೂ ಬಾಯಿಪಾಠ ಅದು. ಈ ಸೀಸೆಯದಕ್ಕೆ ಮೂವತ್ತು ದಿನ ಬೇಕು, ಮೇಳ ಅಷ್ಟರೊಳಗೇ ಬರತ್ತೆ. ತೂಕದ ದಿನ ಕೇಳ್ತಾರಲ್ಲ, ಆಗ ಅಯ್ಯೋ ಕುಂಟ್ತಿತ್ತು, ಒಂದು ಇಂಜೆಕ್ಷನ್ ಕೊಟ್ಟಿದ್ದೆ, ಹೇಳೋದೇ ಮರೆತೆ ಅಂದ್ರಾಯ್ತು. ಗ್ರೇವಿ ಮನೆಗೆ ಬರ್ತಾನೆ.

ಮಾರ್ನಿ ಎರಡು ದಿನ ಅಳ್ತಾಳೆ. ಮುಂದಿನ ವರ್ಷ ಇನ್ನೊಂದು ಕರು ಕೊಡಿಸೋಣ. ಮಕ್ಕಳು ಮರೀತಾರೆ.

ಸೀಸೆಯನ್ನ ಇದ್ದ ಜಾಗಕ್ಕೇ ಇಟ್ಟು ಫ್ರಿಜ್ ಬಾಗಿಲು ಹಾಕಿದೆ.

ಜುಲೈ 18

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಮಾರ್ನಿ ಫ್ರಿಜ್ ತೆಗೆದ್ರೆ ಅಲ್ಲಿಗೇ ಓಡ್ತೀನಿ. ಅವಳಿಗೆ ಅದರ ಗೊಡವೆಯೇ ಇಲ್ಲ. ಅಂಗಳದಲ್ಲಿ ಗ್ರೇವಿ ಕಾಲುಗಳನ್ನ ಕೋಲಿಂದ ತಟ್ಟಿ ಚೌಕವಾಗಿ ನಿಲ್ಲಿಸ್ತಾ, ಇಲ್ಲದ ಜಡ್ಜ್‌ಗೆ ಉತ್ತರ ಹೇಳ್ತಿದಾಳೆ. "ಹೌದು ಸರ್, ಸೊಂಟ ಚೆನ್ನಾಗಿದೆ ಸರ್, ಹೆಗಲು ಮಾತ್ರ ಸ್ವಲ್ಪ ಒರಟು ಸರ್."

"ನಿನ್ನ ಹೋರಿ ಹುಳುಕು ನೀನೇ ಯಾಕೇ ಹೇಳ್ತೀಯಾ?" ಅಂದೆ.

"ಕೇಳಿದ್ರೆ ನಿಜ ಹೇಳ್ಬೇಕು ಅಂತ ಅಣ್ಣ ಹೇಳ್ಕೊಟ್ಟಿದಾನೆ. ಜಡ್ಜ್‌ಗೆ ಹೇಗೂ ಕಾಣತ್ತಂತೆ."

ಒಳಗೆ ಬಂದು ಪಾತ್ರೆ ತೊಳೆದೆ. ತೊಳೆದದ್ದನ್ನೇ ಇನ್ನೊಂದು ಸಲ ತೊಳೆದೆ.

ಜುಲೈ 24, ಸಂಜೆ

ಮುಗೀತು.

ತೂಕದ ಕಟ್ಟೆ ಹತ್ರ ಸಾಲು. ಧೂಳು, ಸೆಖೆ, ಮಾಂಸ-ಎಲೆಕೋಸು ತುಂಬಿದ ಬನ್ನಿನ ವಾಸನೆ. ಅರ್ಲೀನ್ ಟೋಪಿ ಹಾಕ್ಕೊಂಡು ಕಟಕಟೆ ಪಕ್ಕ ನಿಂತು ಎಲ್ಲರನ್ನೂ ಕೇಳ್ತಿದ್ದಳು - ಔಷಧಿ ಏನಾದ್ರೂ ಮೈಯಲ್ಲಿದೆಯಾ? ಮಕ್ಕಳೂ ಹೇಳಬೇಕು, ತಂದೆ-ತಾಯೀನೂ ಹೇಳಬೇಕು.

"ಇಲ್ಲ," ಅಂದಳು ಮಾರ್ನಿ. ಎಷ್ಟು ಗಟ್ಟಿಯಾಗಿ ಅಂದಳು!

ಅರ್ಲೀನ್ ನನ್ನ ಕಡೆ ತಿರುಗಿದಳು. ಎಷ್ಟೋ ಸಲ ಒಳಗೊಳಗೇ ಹೇಳಿಕೊಂಡಿದ್ದ ಮಾತೇ ಅದು, ಆದ್ರೆ ಮಗು ಆಗಲೇ ಎಲ್ಲರೆದುರು ಇಲ್ಲ ಅಂದಾಗಿದೆ. ನಾನು ಹೌದು ಅಂದ್ರೆ ಅವಳು ಸುಳ್ಳಿ. ಇಲ್ಲ ಅಂದ್ರೆ ಔಷಧಿ ಮಾಂಸ ಇನ್ಯಾರದೋ ಮಕ್ಕಳ ತಟ್ಟೆಗೆ.

"ಚುಚ್ಚಿದೀನಿ," ಅಂದೆ. "ಕುಂಟ್ತಿತ್ತು. ಮಾರ್ನಿಗೆ ಗೊತ್ತಿಲ್ಲ. ನಾನೇ. ಹೇಳೋಕೆ ಮರೆತೆ."

ಹಿಂದಿನ ಸಾಲಲ್ಲಿ ಯಾರೋ ಗುಸುಗುಸು. "ಅಯ್ಯೋ ಪಾಪ, ತಲೆ ಎಲ್ಲಿ ನೆಟ್ಟಗಿರತ್ತೆ ಅವಳಿಗೆ," ಅಂದಿತು ಒಂದು ಹೆಂಗಸಿನ ದನಿ. ಅರ್ಲೀನ್ ನನ್ನ ಭುಜ ಹಿಡಿದಳು. "ಬಿಡು ಮಾರಾಯ್ತಿ, ಈಗಲಾದ್ರೂ ಹೇಳಿದ್ಯಲ್ಲ. ಆದ್ರೆ ಕಟ್ಟೆ ಹತ್ತಿಸೋ ಹಾಗಿಲ್ಲ."

ಮಾರ್ನಿ ಅಳಲಿಲ್ಲ. ನನ್ನೇ ನೋಡಿದಳು. "ಕುಂಟ್ತಿರ್ಲಿಲ್ಲ," ಅಂದಳು ಸಣ್ಣಗೆ. "ದಿನಾ ತೊಳೆಯೋಳು ನಾನು. ಕಾಲು ನನಗೆ ಗೊತ್ತಿಲ್ವಾ? ನೀನು ಮರೆಯೋಳಲ್ಲಮ್ಮ. ನಿನಗೆ ಗೊತ್ತಿತ್ತು."

ನೆಲ ಬಾಯಿ ಬಿಟ್ಟಿದ್ರೆ ಇಳಿದುಹೋಗ್ತಿದ್ದೆ.

ಜುಲೈ 27

ನಿನ್ನೆ ಹರಾಜು. ಹೋಗಬೇಡ ಅಂದ ಡುವೇನ್. ಹೋದೆ.

ಮಾರ್ನಿ ಅಲ್ಲೇ ಇದ್ದಳು, ಬಿಳಿ ಶರ್ಟು ಹಾಕಿ. ಬೇರೆ ಮಕ್ಕಳ ಹೋರಿಗಳಿಗೆ ಬಾಚ್ತಾ, ಸಗಣಿ ಎತ್ತುತ್ತಾ. ಬೆಂಚಿನ ತುದೀಲಿ ಕೂತಿದ್ದ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಕೊನೇ ನಂಬರು ನಮ್ಮದಿತ್ತು. ಹರಾಜು ಕೂಗೋನು ಚೀಟಿ ನೋಡಿದ, ಮಡಿಸಿ ಜೇಬಿಗಿಟ್ಟ, ಆಮೇಲೆ "ಹೋರಿಗಳು ಮುಗಿದವು, ಈಗ ಕುರಿ" ಅಂದ. ಮಕ್ಕಳು ಅಲ್ಲಲ್ಲೇ ನಿಂತಿದ್ದರು. ಎತ್ತ ಹೋಗಬೇಕು ಅಂತ ಗೊತ್ತಾಗದೆ ಅರ್ಲೀನ್ ಮುಖ ನೋಡ್ತಿದ್ದರು.

ಕೋಲ್ಟನ್ ಹೆಸರು ಯಾರೂ ಎತ್ತಲಿಲ್ಲ. ಎತ್ತೋಕೆ ಜಾಗವೇ ಇರದಂಗೆ ಮಾಡಿದ್ದು ನಾನು.

ಆಗಸ್ಟ್ 9

ಮಾರ್ನಿ ಕೊಟ್ಟಿಗೆ ಕಡೆ ತಲೆಯೂ ಹಾಕಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಅಪ್ಪನ ಜೊತೆ ಮಾತು ಇದೆ. ನನ್ನ ಜೊತೆ ಇಲ್ಲ.

ನಾನೇ ಗ್ರೇವೀನ ತೊಳೆಯೋಕೆ ಹೋದೆ. ಒದ್ದ. ತೊಡೆ ಮೇಲೆ ಕಪ್ಪಗಾಗಿದೆ. ಫ್ಯಾನ್ ಹಾಕೋದು ಬಿಟ್ಟಿದೀವಿ, ಬಾಚಿ ಬಾಚಿ ಬೆಳೆಸಿದ್ದ ಕೂದಲೆಲ್ಲಾ ಹಿಡಿಹಿಡಿ ಉದುರ್ತಿದೆ. ಬೆಳಗಾದ್ರೆ ಮನೆ ಬಾಗಿಲ ಕಡೆ ಮುಖ ಮಾಡಿ ಒರಲ್ತಾನೆ. ಅವನು ಹುಡುಕೋದು ಮಾರ್ನೀನ. ಕೋಲ್ಟನ್ ಕೈ ಗುರುತಿದೆ ಅಂತ ನಾನೇ ಕಟ್ಟಿಕೊಂಡ ಕತೆ. ನಾನು ತುರಿಸಿದ್ರೆ ಈಗಲೂ ಕಣ್ಣು ಮುಚ್ತಾನೆ, ನಿಜ. ಅಲ್ಲಿ ತುರಿಸಿದ್ರೆ ಯಾವ ಹೋರಿಯಾದ್ರೂ ಮುಚ್ಚತ್ತೆ.

ಮಗನ್ನ ಉಳಿಸ್ಕೋತೀನಿ ಅಂತ ಹೋಗಿ ಹೋರಿ ಉಳಿಸ್ಕೊಂಡೆ. ಮಾಡಿದ್ದುಣ್ಣೋ ಮಹಾರಾಯ.

ಆಗಸ್ಟ್ 22

ಸ್ಕೂಲ್ ಶುರು. ಅರ್ಲೀನ್ ಬಂದಿದ್ದಳು. ಮಾರ್ನಿ ಕ್ಲಬ್ ಬಿಟ್ಟಳಂತೆ. ಮಡಿಸಿದ ಶರ್ಟು ಅರ್ಲೀನ್ ಮನೆ ಬಾಗಿಲಲ್ಲಿಟ್ಟು ಬಂದಿದಾಳೆ. "ನಾನು ವಾಪಸ್ ತಗೊಂಡಿಲ್ಲ ಅಂತ ಹೇಳು," ಅಂದಳು ಅರ್ಲೀನ್. ಹೇಳಿದೆ. ಮಾರ್ನಿ ಪುಸ್ತಕ ಎತ್ತಿಕೊಂಡು ಕೋಣೆಗೆ ಹೋದಳು.

ಸೆಪ್ಟೆಂಬರ್ 3

ತಾನಾಗೇ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಔಷಧಿ ಇಳಿದಿದೆ. ದನದ ಡಾಕ್ಟ್ರನ್ನ ಕೇಳ್ದೆ. ಕಸಾಯಿಖಾನೆಗೆ ಫೋನ್ ಮಾಡಿದೀನಿ, ಶುಕ್ರವಾರ ಬನ್ನಿ ಅಂದ್ರು."

"ನೀನೇ ಮಾಡಿದ್ಯಾ?"

"ಇನ್ಯಾರು ಮಾಡ್ತಾರೆ? ಅವನು ಸೊರಗ್ತಿದಾನಮ್ಮ. ಒಬ್ಬನೇ ನಿಂತು ನಿಂತು ಸೊರಗ್ತಿದಾನೆ." ಆಮೇಲೆ ಒಂದೇ ಉಸಿರಿಗೆ ಸುರಿದಳು. "ಅಣ್ಣನ ಜೊತೆ ಇದ್ದದ್ದು ಹೋರಿ ಒಂದೇನಾ? ನನ್ನ ಜಡೆ ಎಳೀತಿದ್ದ. ನನ್ನ ಬೆನ್ನಿಗೆ ಗುದ್ದುತಿದ್ದ. ನನಗೆ ಹೋರಿ ಹಿಡಿಯೋದು ಕಲಿಸಿದ. ದಿನಾ ಮಧ್ಯಾಹ್ನ ನೀನು ಅದರ ಹತ್ರ ಹೋಗಿ ಕೂರ್ತಿದ್ದೆ, ನಾನು ನೋಡ್ತಿದ್ದೆ. ನನ್ನ ಹತ್ರ ಒಂದಿನ ಬಂದು ಕೂತ್ಯಾ?"

ಕೂರಲಿಲ್ಲ. ಒಂದು ದಿನವೂ ಕೂರಲಿಲ್ಲ.

"ಶುಕ್ರವಾರ ನಾನೂ ಬರ್ತೀನಿ," ಅಂದೆ ಕೊನೆಗೆ.

"ಬಾ," ಅಂದಳು.

ಸೆಪ್ಟೆಂಬರ್ 5, ಮಧ್ಯಾಹ್ನ

ಹೋಗಿ ಬಂದ್ವಿ. ಡುವೇನ್ ಟ್ರೈಲರ್ ಕಟ್ಟಿಕೊಟ್ಟ, ಬರಲಿಲ್ಲ. ಬರೋಕಾಗಲ್ಲ ಅಂದ. ಮಾರ್ನಿ ಹಗ್ಗ ಹಿಡಿದು ಮುಂದೆ ನಡೆದಳು, ಗ್ರೇವಿ ಅವಳ ಹಿಂದೆ ಸುಮ್ಮನೆ ಹತ್ತಿದ. ಅಲ್ಲಿ ಇಳಿಸುವಾಗಲೂ ಅವಳೇ. ಕುತ್ತಿಗೆಗೆ ಹಣೆ ಒತ್ತಿ ಅದೇನೋ ಹೇಳಿದಳು. ಕೇಳಬಾರದು ಅಂತ ನಾನು ದೂರ ನಿಂತೆ.

ವಾಪಸ್ ಬರುವಾಗ ಮೆಕ್ಕೆಜೋಳದ ಹೊಲಗಳ ಮಧ್ಯೆ ನಾನೇ ಗಾಡಿ ಓಡಿಸ್ತಿದ್ದೆ. ಅತ್ತೂ ಅತ್ತೂ ಅವಳ ಮೂಗು ಕೆಂಪಾಗಿತ್ತು. ನಮ್ಮ ದಾರಿ ತಿರುವಿನಲ್ಲಿ ಕೇಳಿದಳು, ಕಿಟಕಿ ಆಚೆ ನೋಡ್ತಾ.

"ಅಮ್ಮ, ನಾನು ಸತ್ತಿದ್ರೆ ನನ್ನ ಹೋರೀನೂ ಹಿಂಗೇ ಉಳಿಸ್ಕೋತಿದ್ಯಾ?"

ಹೌದು ಅಂದೆ. ಉಳಿಸ್ಕೋತಿದ್ದೆ ಕಣೇ, ಅಂದೆ. ನಿಜವಾದ ಮಾತು. ಆದ್ರೆ ತಡವಾಗಿ ಅಂದೆ. ಇದೆಂಥಾ ಪ್ರಶ್ನೆ ಅಂತ ಗಾಬರಿಯಾಗಿ ಗಾಡಿ ನಿಧಾನ ಮಾಡಿ, ಆಮೇಲೆ ಅಂದೆ. ಅಷ್ಟರಲ್ಲಿ ಅವಳು "ಹೋಗ್ಲಿ ಬಿಡು" ಅಂದುಬಿಟ್ಟಿದ್ದಳು. ನನ್ನ ಉತ್ತರ ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕೇಳಿಸಿದ್ರೂ ನಂಬೋ ಹಾಗಿರಲಿಲ್ಲ.

ಈಗ ಕೊಟ್ಟಿಗೆ ಗುಡಿಸ್ತಿದಾಳೆ. ಕಿಟಕಿಯಿಂದ ಕಾಣ್ತಿದೆ. ಹಳೇ ಹುಲ್ಲೆಲ್ಲಾ ಎಳೆದು ಹೊರಗೆ ಹಾಕ್ತಿದಾಳೆ. ಹೋಗಿ ಇನ್ನೊಂದು ಸಲ ಹೇಳಬೇಕು. ತಡ ಮಾಡಬಾರದು. ಮಾರ್ನಿ, ನೀನು ಕೇಳಿದ್ಯಲ್ಲ, ಅಂತ ಶುರು ಮಾಡಿ... ಅಲ್ಲ, ಅದು ಬೇಡ. ಮೊದಲು ಸುಮ್ಮನೆ ಹೋಗಿ ಪಕ್ಕದಲ್ಲಿ ಕೂರ್ತೀನಿ.