ಸರಸು ಊದಿದ ಎರಡು ವಿಸಿಲು

ಬಂಟ್ವಾಳ ಪೇಟೆ,
ತಾ. ೧೮-೭-೧೯೫೭, ಗುರುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ, ಅಳಿಯ ಕಮಲಾಕ್ಷ ನಿಮ್ಮ ಕಾಲು ಮುಟ್ಟಿ ಬರೆಯುವ ಕಾಗದ.

ಮೊದಲು ನಿಮ್ಮ ಮಂಡಿನೋವು ಹೇಗುಂಟು, ಅದನ್ನು ತಿಳಿಸಿ. ನೆರಿಯದ ಮಳೆಗೆ ನೋವು ಹೆಚ್ಚಾಗಿರಬಹುದು ಎಂದು ದಮಯಂತಿ ದಿನಕ್ಕೆರಡು ಸಲ ಹೇಳುತ್ತಾಳೆ. ನಾನು ಕೊಟ್ಟ ತೈಲವನ್ನು ಹಚ್ಚಿಕೊಳ್ಳುತ್ತಿದ್ದೀರೋ, ಬಾಣಂತಿಗೆ ಬೇಕಾದೀತು ಎಂದು ಎತ್ತಿಟ್ಟಿದ್ದೀರೋ? ನಾದಿನಿ ಅಮ್ಮಣಿಗೆ ಇನ್ನೂ ಮೈಯಲ್ಲಿ ಬಲ ಬಂದಿಲ್ಲವಂತೆ, ಮಗು ಮಾತ್ರ ಗುಂಡಗೆ ಇದ್ದಾನಂತೆ. ಓದಿ ಸಂತೋಷವಾಯಿತು. ಈ ಫ್ಲೂ ಜ್ವರ ನಿಮ್ಮ ನೆರಿಯಕ್ಕೆ ಇನ್ನೂ ಹತ್ತಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಸಂತೋಷ. ಇಲ್ಲಿ ಅರ್ಧ ಪೇಟೆ ಮಲಗಿ ಎದ್ದಿದೆ, ಉಳಿದರ್ಧ ಈಗ ಮಲಗುತ್ತಾ ಉಂಟು. ದಮಯಂತಿ ನಾಲ್ಕು ದಿನ ಮಲಗಿದ್ದಳು, ಈಗ ಪೂರ್ತಿ ಗುಣ. ಮಗಳು ಸರಸುವಿಗೆ ಒಂದು ಸೀನು ಸಹ ಬಂದಿಲ್ಲ. ನನಗೂ ಏನೂ ಆಗಿಲ್ಲ. ಟಿಕೆಟ್ ತೆಗೆದುಕೊಳ್ಳದೆ ಯಾರನ್ನೂ ನಾನು ಹತ್ತಿಸುವುದಿಲ್ಲ, ಜ್ವರವನ್ನು ಸಹ. ಇದನ್ನು ನಿಮಗೆ ಓದಿ ಹೇಳುವವನು ಪದ್ಮಯ್ಯನಾದ್ದರಿಂದ ಅವನಿಗೂ ಒಂದು ಮಾತು: ಷಡ್ಡಕಾ, ನಡುವೆ ನಿಲ್ಲಿಸಿ ನಗಬೇಡ ಮಾರಾಯ, ನನ್ನ ಮಾನ ಹೋಗುವ ಜಾಗ ಮುಂದೆ ಉಂಟು.

ನೀವು ಹೇಳಿ ಬರೆಸಿದ ಕಾರ್ಡು ಈ ಸೋಮವಾರ ತಲುಪಿತು. "ಕಂಡಕ್ಟರನ ಕೈಯಲ್ಲಿ ಮಗು ಬದುಕುವುದುಂಟಾ" ಎಂದು ನೀವು ಹೇಳಿದ್ದನ್ನು ಪದ್ಮಯ್ಯ ಒಂದಕ್ಷರ ಬಿಡದೆ ಬರೆದಿದ್ದಾನೆ, ಅವನಿಗೆ ಒಳ್ಳೆಯದಾಗಲಿ. ಗುರುವಾರ ನೆರೆಮನೆಯ ರುಕ್ಮಯ್ಯನವರು ಅಡಿಕೆ ಮಾರಲು ಬಂಟ್ವಾಳಕ್ಕೆ ಬರುತ್ತಾರೆ, ಮರಳುವಾಗ ಸರಸುವನ್ನು ಅವರ ಜೊತೆ ಕಳುಹಿಸು, ಜ್ವರದ ಕಾಲ ಮುಗಿಯುವವರೆಗೆ ನನ್ನ ಹತ್ತಿರ ಇರಲಿ ಎಂದಿದ್ದೀರಿ. ಆ ಗುರುವಾರ ಇವತ್ತೇ. ರುಕ್ಮಯ್ಯನವರು ಬೆಳಿಗ್ಗೆ ಬಂದು ಮುಖ ತೋರಿಸಿ, ನಾಲ್ಕು ಗಂಟೆಗೆ ಮಗುವನ್ನು ತಯಾರು ಮಾಡಿಡಿ ಎಂದು ಹೇಳಿ ಹೋಗಿದ್ದಾರೆ. ಅಷ್ಟರೊಳಗೆ ಈ ಕಾಗದ ಮುಗಿಸಬೇಕು. ನಾನು ಸರಸುವನ್ನು ಕಳುಹಿಸುವುದಿಲ್ಲ ಅತ್ತೆ. ಬೈಯುವ ಮೊದಲು ಪೂರ್ತಿ ಕೇಳಿಸಿಕೊಳ್ಳಿ.

ನೀವು ಮೇ ತಿಂಗಳಲ್ಲಿ ಅಮ್ಮಣಿಯ ಬಾಣಂತನಕ್ಕೆ ಹೋದಾಗ ಇಲ್ಲಿ ಎಲ್ಲವೂ ಸರಿ ಇತ್ತು. ಜೂನಿನಲ್ಲಿ ಜ್ವರ ಬಂತು, ಬಸ್ಸಿಗೆ ಜನ ಇಲ್ಲದಾಯಿತು. ನಮ್ಮ ಗುರುವಪ್ಪ ಧಣಿಗಳು ಒಂದು ಬಸ್ಸನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಬೆಳ್ತಂಗಡಿಗೆ ಒಂದನ್ನೇ ಓಡಿಸತೊಡಗಿದರು. ಒಂದು ಬಸ್ಸಿಗೆ ನಾನು ಮತ್ತು ಉಮ್ಮರ್ ಇಬ್ಬರು ಕಂಡಕ್ಟರುಗಳು. ಒಂದು ವಾರ ಅವನು, ಒಂದು ವಾರ ನಾನು. ತಿಂಗಳ ಕೊನೆಗೆ ಯಾರ ಕೆಲಸದಲ್ಲಿ ತಪ್ಪು ಕಂಡಿತೋ ಅವನು ಮನೆಗೆ ಎಂದು ಧಣಿಗಳು ಹೇಳಿಬಿಟ್ಟರು. ದಮಯಂತಿಯ ಟೀಚರ್ ಕೆಲಸ ನಿಮಗೆ ಗೊತ್ತೇ ಉಂಟು, ಮೂರು ಮೂರು ತಿಂಗಳ ತಾತ್ಕಾಲಿಕ ಆರ್ಡರು. ಅವಳು ಮಲಗಿದ ನಾಲ್ಕು ದಿನ ಪುಣ್ಯಕ್ಕೆ ಶಾಲೆಗೇ ರಜೆ ಇತ್ತು. ಶಾಲೆ ತೆರೆದ ಮೇಲೆ ಒಂದು ದಿನ ತಪ್ಪಿಸಿದರೂ ಆ ಜಾಗಕ್ಕೆ ಬೇರೆಯವರು ಕಾದು ನಿಂತಿದ್ದಾರೆ. ಶಾಲೆ ತೆರೆದದ್ದೂ ನನ್ನ ವಾರ ಶುರುವಾದದ್ದೂ ಒಂದೇ ದಿನ, ಕಳೆದ ವಾರದ ಸೋಮವಾರ. ಅತ್ತ ದರಿ, ಇತ್ತ ಪುಲಿ.

ನೀವು ಹೋದ ಮೇಲೆ ಸರಸುವನ್ನು ನೋಡಿಕೊಳ್ಳುತ್ತಿದ್ದವಳು ಉಮ್ಮರನ ಹೆಂಡತಿ ಅವ್ವಮ್ಮ. ನಮ್ಮ ಓಣಿಯ ಕೊನೆಯ ಮನೆ, ಬೀಡಿ ಕಟ್ಟುತ್ತಾ ಮೂರು ಮಕ್ಕಳನ್ನು ಸುಧಾರಿಸುತ್ತಿದ್ದಳು, ಅವಳದೇ ಎರಡು ಮತ್ತು ನಮ್ಮದೊಂದು. ಅದರ ಹಿಂದಿನ ಶನಿವಾರ ಅವಳೂ ಜ್ವರ ಬಂದು ಮಲಗಿದಳು. ಉಮ್ಮರ್ ಮನೆಯಲ್ಲಿದ್ದರೂ ಜ್ವರದ ಮನೆಗೆ ಮಗುವನ್ನು ಬಿಡುವ ಹಾಗಿರಲಿಲ್ಲ. ದರ್ಜಿ ಶೇಷಪ್ಪನ ಹೆಂಡತಿ ಒಂದು ವಾರ ನೋಡುತ್ತೇನೆ ಎಂದಳು. ಸೋಮವಾರ ದಮಯಂತಿ ಒಂಬತ್ತಕ್ಕೆ ಶಾಲೆಗೆ ಹೊರಟ ಮೇಲೆ ನಾನು ಮಗುವನ್ನೆತ್ತಿಕೊಂಡು ಹೋದರೆ, ಶೇಷಪ್ಪ ಕಂಬಳಿ ಹೊದ್ದು ಜಗಲಿಯಲ್ಲಿ ನಡುಗುತ್ತಾ ಕೂತಿದ್ದಾನೆ. ನಾನು ಏನು ಮಾಡಲಿ ಹೇಳಿ? ಒಂಬತ್ತೂವರೆಯ ಬಸ್ಸು ಕಾಯುವುದಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ಬಸ್ಸಿಗೆ ಹೋದೆ. ದಮಯಂತಿಗೆ ಸಂಜೆ ಹೇಳಲಿಲ್ಲ. ಮಗು ಶೇಷಪ್ಪನ ಮನೆಯಲ್ಲಿತ್ತು ಎಂದೇ ಅವಳ ನಂಬಿಕೆ, ಇವತ್ತಿಗೂ. ಇದನ್ನು ನಿಮಗೆ ಮಾತ್ರ ಬರೆಯುತ್ತಿದ್ದೇನೆ, ನನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ.

ಎರಡು ದಿನ ಬಹಳ ಚಂದ ಹೋಯಿತು. ಡ್ರೈವರು ಮೊಯಿದಿನಬ್ಬ ಕಾಕನ ಪಕ್ಕದ ಸೀಟಿನಲ್ಲಿ ಅವಳನ್ನು ಕೂರಿಸಿದೆ. ಜ್ವರದವರು ಹಿಂದೆ ಕೂತುಕೊಳ್ಳಿ, ಮುಂದೆ ಮಗು ಉಂಟು ಎಂದು ಪ್ರತಿ ಸ್ಟಾಪಿನಲ್ಲಿ ಕೂಗಿದೆ. ಅವಳು ಅಳದ ಹಾಗೆ ನನ್ನ ವಿಸಿಲನ್ನೇ ಅವಳ ಕುತ್ತಿಗೆಗೆ ಹಾಕಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನಬೇಡಿ, ನಿಮ್ಮ ಮೊಮ್ಮಗಳು ಒಂದೇ ದಿನದಲ್ಲಿ ಕೆಲಸ ಕಲಿತಳು. ನಾನು ಒಂದು ಬೆರಳು ತೋರಿಸಿದರೆ ಒಂದು ವಿಸಿಲು, ಬಸ್ಸು ನಿಲ್ಲಬೇಕು. ಎರಡು ಬೆರಳಿಗೆ ಎರಡು ವಿಸಿಲು, ಬಸ್ಸು ಹೊರಡಬೇಕು. ಏಪ್ರಿಲಿನಲ್ಲಿ ಬಂದ ಹೊಸ ಪೈಸೆಯ ಚಿಲ್ಲರೆಗೆ ನನ್ನೊಡನೆ ಜಗಳ ಮಾಡುತ್ತಿದ್ದವರೆಲ್ಲ ಅವಳನ್ನು ನೋಡಿ ನಗುತ್ತಾ ಇಳಿದು ಹೋದರು. ಮೊಯಿದಿನಬ್ಬ ಕಾಕನ ಕ್ರಮ ನಿಮಗೆ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಅವರು ಹಿಂದೆ ತಿರುಗಿ ನೋಡಿದವರಲ್ಲ. ಮಳೆಗಾಲದಲ್ಲಿ ಬಸ್ಸಿನ ಎರಡೂ ಬದಿಗೆ ತಾಡಪಾಲು ಇಳಿಬಿಟ್ಟಿರುತ್ತಾರೆ, ನೋಡಿದರೂ ಏನೂ ಕಾಣುವುದಿಲ್ಲ. ಎರಡು ವಿಸಿಲು ಕೇಳಿದರೆ ಅವರ ಕಾಲು ತಾನಾಗಿ ಕ್ಲಚ್ಚು ಬಿಡುತ್ತದೆ.

ಮೂರನೆಯ ದಿನ ಬುಧವಾರ. ಕ್ಲೀನರಿಗೆ ಜ್ವರ, ಆದ್ದರಿಂದ ಮೇಲಿನ ಸಾಮಾನು ಇಳಿಸುವ ಕೆಲಸವೂ ನನ್ನದೇ. ಪುಂಜಾಲಕಟ್ಟೆಯಲ್ಲಿ ಬೀಡಿ ಎಲೆಯ ಒಂದು ಮೂಟೆ ಇಳಿಸಬೇಕಿತ್ತು. ಮೂಟೆ ಹೊತ್ತು ಅಂಗಡಿಯ ಜಗಲಿಗೆ ಇಟ್ಟು, ಅಂಗಡಿಯವನಿಗೆ "ಎರಡೇ ಎರಡು ನಿಮಿಷ, ರಶೀದಿ ಕೊಡಿ" ಎಂದು ಎರಡು ಬೆರಳು ತೋರಿಸಿದೆ. ನನ್ನ ಬೆರಳು ಅಂಗಡಿಯವನಿಗೆ. ತಾಡಪಾಲು ಸರಿಸಿ ಬಸ್ಸಿನ ಮುಂದಿನ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದ ಮಗುವಿಗೆ ಅದೆಲ್ಲ ಗೊತ್ತಾಗುತ್ತದೆಯೇ? ಪೀ ಪೀ ಎಂದು ಎರಡು ವಿಸಿಲು ಕೇಳಿತು. ತಿರುಗುವಷ್ಟರಲ್ಲಿ ಬಸ್ಸು ಹೋಯಿತು. ಮಳೆಯಲ್ಲಿ ಕೂಗುತ್ತಾ ಓಡಿದೆ. ತಿರುವಿನವರೆಗೆ ಓಡಿದೆ. ಒಂದು ಚಪ್ಪಲಿ ಅಲ್ಲೇ ಕೆಸರಿನಲ್ಲಿ ಉಳಿಯಿತು, ಅದು ಈಗಲೂ ಅಲ್ಲೇ ಇರಬೇಕು. ಕೊನೆಗೆ ಮರದ ಲಾರಿಯೊಂದಕ್ಕೆ ಅಡ್ಡ ನಿಂತು ಹತ್ತಿದೆ. ಅತ್ತೆ, ಆ ಲಾರಿಯಲ್ಲಿ ಕೂತಿದ್ದ ಹೊತ್ತು ನನಗೆ ಕೆಲಸದ ನೆನಪು ಒಂದು ಸಲವೂ ಬರಲಿಲ್ಲ. ಕೆಲಸ ಹಾಳಾಗಿ ಹೋಗಲಿ, ಮಗು ಕೈಗೆ ಸಿಕ್ಕಿದರೆ ಸಾಕು ಎಂದು ಗೊತ್ತಿದ್ದ ಎಲ್ಲಾ ದೇವರಿಗೂ ಹರಕೆ ಹೊತ್ತೆ. ಯಾವ ದೇವರಿಗೆ ಏನು ಹೇಳಿದ್ದೆನೆಂದು ಈಗ ಮರೆತುಹೋಗಿದೆ, ನೀವು ಬಂದು ಒಂದು ದಾರಿ ಹೇಳಬೇಕು.

ಬಸ್ಸಿನಲ್ಲಿ ಉಮ್ಮರ್ ಇದ್ದ. ಜ್ವರದ ಹೆಂಡತಿಯಿಂದ ಮಕ್ಕಳನ್ನು ದೂರ ಇಡಲೆಂದು ಎರಡೂ ಮಕ್ಕಳನ್ನು ಮಡಂತ್ಯಾರಿನಲ್ಲಿರುವ ಅವಳ ತಾಯಿಯ ಮನೆಗೆ ಬಿಡಲು ಹೊರಟಿದ್ದ. ಹಿಂದಿನ ಸೀಟಿನಲ್ಲಿ ಮಕ್ಕಳ ಗಲಾಟೆ ಸುಧಾರಿಸುತ್ತಿದ್ದವನಿಗೆ, ಬಸ್ಸು ಒಂದು ಮೈಲಿ ಹೋದ ಮೇಲೆ ಕಂಡಕ್ಟರ್ ಇಲ್ಲವೆಂದು ತಿಳಿಯಿತಂತೆ. ಸರಸುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಆ ಏರಿನಲ್ಲಿ ಬಸ್ಸು ಹಿಂದೆ ತಿರುಗಿಸುವ ಹಾಗಿಲ್ಲ, ಮಡಂತ್ಯಾರಿನಲ್ಲಿ ನಿಲ್ಲಿಸಿ ಕಾಯುವ ಎಂದರು ಮೊಯಿದಿನಬ್ಬ ಕಾಕ. ನನ್ನ ಗ್ರಹಚಾರ ನೋಡಿ, ಮಡಂತ್ಯಾರಿನಲ್ಲಿ ಕೊಡೆ ಹಿಡಿದು ತಪಾಸಣೆಗೆ ನಿಂತಿದ್ದವರು ಸ್ವತಃ ಗುರುವಪ್ಪ ಧಣಿಗಳು. ಕಂಡಕ್ಟರ್ ಎಲ್ಲಿ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಸಾಕಿತ್ತು, ನನ್ನ ಕೆಲಸ ಅಲ್ಲೇ ಮುಗಿದು ಉಮ್ಮರನದು ಗಟ್ಟಿಯಾಗುತ್ತಿತ್ತು. ಉಮ್ಮರ್ ಎದ್ದು ನಿಂತು, "ಧಣಿ, ಇವತ್ತಿನ ಕಂಡಕ್ಟರ್ ನಾನೇ, ನಾವು ವಾರ ಬದಲು ಮಾಡಿಕೊಂಡಿದ್ದೇವೆ" ಎಂದನಂತೆ.

ಅಷ್ಟರಲ್ಲಿ ಲಾರಿ ತಲುಪಿತು. ಒಂದೇ ಚಪ್ಪಲಿಯಲ್ಲಿ, ತಲೆಯಿಂದ ಕಾಲಿನವರೆಗೆ ಕೆಸರಾಗಿ, ಟಿಕೆಟಿನ ಚೀಲ ಹೆಗಲಿಗೆ ಹಾಕಿಕೊಂಡು ನಾನು ಇಳಿದೆ. ಧಣಿಗಳು ನನ್ನ ಚೀಲ ನೋಡಿದರು, ಉಮ್ಮರನ ಖಾಲಿ ಹೆಗಲು ನೋಡಿದರು. "ಚೀಲ ಇಲ್ಲದ ಕಂಡಕ್ಟರ್ ಒಬ್ಬ, ಬಸ್ಸು ಇಲ್ಲದ ಕಂಡಕ್ಟರ್ ಒಬ್ಬ" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಸರಸುವಿನ ಕಡೆಗೆ ಎರಡೂ ಕೈ ಚಾಚಿದೆ. ಅವಳು ಕೈ ನೋಡಿದಳು, ಬೆರಳು ನೋಡಿದಳು, ಮತ್ತೆ ಎರಡು ವಿಸಿಲು ಊದಿಬಿಟ್ಟಳು. ಮೊಯಿದಿನಬ್ಬ ಕಾಕನ ಕಾಲು ಕ್ಲಚ್ಚು ಬಿಟ್ಟಿತು. ಧಣಿಗಳನ್ನೇ ರಸ್ತೆಯಲ್ಲಿ ಬಿಟ್ಟು ಅವರ ಬಸ್ಸು ಹೊರಟಿತು. ಹತ್ತು ಮಾರು ಹೋಗಿ ನಿಂತಿತೆನ್ನಿ, ಆದರೆ ಅಷ್ಟು ದೂರ ಧಣಿಗಳು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪಂಚೆ ಎತ್ತಿ ಹಿಡಿದು ಓಡಿದ್ದನ್ನು ಮಡಂತ್ಯಾರಿನ ಪೇಟೆಯೇ ನೋಡಿತು. ಪದ್ಮಯ್ಯ, ಈಗ ನಗಬಹುದು.

ಧಣಿಗಳು ಹತ್ತಿ ಕೂತು ಬೆಳ್ತಂಗಡಿಯವರೆಗೆ ಪಂಚೆಯ ಕೆಸರು ಒರೆಸುತ್ತಾ ಬಂದರು, ಉಮ್ಮರನೂ ಮಕ್ಕಳನ್ನು ಇಳಿಸದೆ ಜೊತೆಗೇ ಬಂದ. ಅಲ್ಲಿ ಇಳಿದ ಮೇಲೆ ನಾನೇ ಎಲ್ಲವನ್ನೂ ಹೇಳಿದೆ. ಮಗುವನ್ನು ಬಿಡಲು ಜಾಗ ಇರಲಿಲ್ಲ, ರಜೆ ಕೇಳಿದರೆ ಕೆಲಸ ಹೋಗುತ್ತದೆಂದು ಹೆದರಿದೆ, ಉಮ್ಮರ್ ಸುಳ್ಳು ಹೇಳಿದ್ದು ನನಗಾಗಿ, ಅವನನ್ನು ಇಟ್ಟುಕೊಂಡು ನನ್ನನ್ನು ಕಳುಹಿಸಿ ಎಂದೆ. ಉಮ್ಮರ್ ನನ್ನನ್ನು ಹಿಂದಕ್ಕೆ ಸರಿಸಿ, "ಯಾರನ್ನೂ ಕಳುಹಿಸುವುದು ಬೇಡ ಧಣಿ. ಈಗ ಇದ್ದ ಹಾಗೆ ವಾರಕ್ಕೊಬ್ಬರು ದುಡಿಯುತ್ತೇವೆ, ಅರ್ಧ ಅರ್ಧ ಸಂಬಳ ಕೊಡಿ. ಮನೆಯಲ್ಲಿ ಇರುವವನು ಮೂರೂ ಮಕ್ಕಳನ್ನು ನೋಡಿಕೊಳ್ತಾನೆ" ಎಂದ. ಧಣಿಗಳು ಗಡ್ಡ ಕೆರೆದುಕೊಂಡರು. ಕ್ಲೀನರ್ ಮಲಗಿದ್ದಾನೆ, ನಾಳೆ ನಿಮ್ಮಲ್ಲಿ ಒಬ್ಬ ಮಲಗಿದರೆ ಇನ್ನೊಬ್ಬ ಬೇಕಲ್ಲ ಎಂದು ಅವರಿಗೇ ಹೊಳೆಯಿತು. "ಜ್ವರ ಹೋಗಿ ಎರಡನೆಯ ಬಸ್ಸು ಹೊರಡುವವರೆಗೆ ಹಾಗೇ ಆಗಲಿ. ಆದರೆ ಆ ಸಣ್ಣ ಕಂಡಕ್ಟರ್ ನನ್ನ ಬಸ್ಸಿಗೆ ಬೇಡ" ಎಂದರು. ಹೊರಡುವಾಗ ಅವಳ ಕೈಗೆ ಒಂದು ಕಡಲೆಮಿಠಾಯಿ ಕೊಟ್ಟರು ಅನ್ನಿ.

ಹೀಗೆ ಈ ವಾರ ಉಮ್ಮರ್ ಬಸ್ಸಿನಲ್ಲಿ, ನಾನು ಮನೆಯಲ್ಲಿ. ಉಮ್ಮರನ ಮಕ್ಕಳು ಅಬ್ದುಲ್ಲ ಮತ್ತು ಪುಟ್ಟ ಜೈನಬು ಬೆಳಿಗ್ಗೆಯೇ ಬರುತ್ತಾರೆ. ಬಿಸಿನೀರಿನ ಹಂಡೆಯ ಎದುರು ಮೂವರನ್ನೂ ಸಾಲಾಗಿ ನಿಲ್ಲಿಸಿ ಸ್ನಾನ ಮಾಡಿಸುತ್ತೇನೆ. ಗಂಜಿ, ಹುರಿದ ಹಪ್ಪಳ, ನಿಮ್ಮ ಮಾವಿನ ಮಿಡಿ ಉಪ್ಪಿನಕಾಯಿ. ಮಿಡಿ ಮುಗಿಯುತ್ತಾ ಬಂತು. ಸರಸು ಈಗ ಅನ್ನಕ್ಕೆ ಉಮ್ಮರನ ಮನೆಯ ಬ್ಯಾರಿ ಭಾಷೆಯಲ್ಲಿ "ಚೋರು" ಎನ್ನುತ್ತಾಳೆ, ಜೈನಬು ನನ್ನನ್ನು ಕಂಡಕ್ಟರ್ ಎಂದೇ ಕರೆಯುತ್ತಾಳೆ. ಮೊನ್ನೆ ತಲೆ ಬಾಚುವಾಗ ಎರಡೂ ಹುಡುಗಿಯರ ಜಡೆಯನ್ನು ಒಂದಕ್ಕೊಂದು ಸೇರಿಸಿ ಹೆಣೆದುಬಿಟ್ಟೆ, ಬಿಡಿಸಲು ಅವ್ವಮ್ಮನೇ ಬರಬೇಕಾಯಿತು. ಅವಳು ಎದ್ದು ಓಡಾಡುತ್ತಿದ್ದಾಳೆ, ಹೆದರಬೇಡಿ.

ಈಗ ಮುಖ್ಯ ಸಂಗತಿ. ನಿಮ್ಮ ಕಾರ್ಡು ಬಂದಾಗ ನನಗೆ ನಾಚಿಕೆಯಾಯಿತು. ಮಗುವನ್ನು ಬಸ್ಸಿನಲ್ಲಿ ಕಳೆದುಕೊಂಡವನು ಯಾವ ಮುಖದಲ್ಲಿ ಇಟ್ಟುಕೊಳ್ಳುತ್ತೇನೆ ಎನ್ನಲಿ? ನೀವು ಇಲ್ಲಿ ಬಿಟ್ಟುಹೋದ ಹಸಿರು ಬಟ್ಟೆಯ ಚೀಲದಲ್ಲಿ ಸೋಮವಾರವೇ ಅವಳ ಅಂಗಿಗಳನ್ನು ತುಂಬಿಸಿದೆ. ಮಂಗಳವಾರ ನೋಡಿದರೆ ಚೀಲ ಖಾಲಿ, ಅಂಗಿಗಳು ಗೂಟದಲ್ಲಿ. ಈ ಮಕ್ಕಳ ಕೈ ಸುಮ್ಮನಿರುವುದಿಲ್ಲ ಎಂದು ಮತ್ತೆ ತುಂಬಿಸಿದೆ. ನಿನ್ನೆಯೂ ಖಾಲಿ. ಮೂರನೆಯ ಸಲ ತುಂಬಿಸಲು ನನ್ನ ಕೈ ಏಳಲಿಲ್ಲ ಅತ್ತೆ. ಸಂಜೆ ಆ ವಿಸಿಲು ಕೇಳದಿದ್ದರೆ ಈ ಮನೆ ಮನೆಯ ಹಾಗೆ ಇರುವುದಿಲ್ಲ. ದಮಯಂತಿ ನಿಮ್ಮ ಮಗಳು, ನೀವು ಹೇಳಿದ್ದಕ್ಕೆ ಎದುರು ಆಡುವವಳಲ್ಲ. ಕಾರ್ಡು ಓದಿ "ಅಮ್ಮ ಹೇಳಿದ ಹಾಗೆ" ಎಂದಳು, ಅಷ್ಟೇ. ಆದ್ದರಿಂದ ತಪ್ಪೆಲ್ಲ ನನ್ನದು. ಅವಳನ್ನು ಬೈಯಬೇಡಿ.

ಅಮ್ಮಣಿಗೂ ಪಾಪುವಿಗೂ ನನ್ನ ಆಶೀರ್ವಾದ. ಪದ್ಮಯ್ಯನ ಗಂಟಲಿಗೆ ವಿಶ್ರಾಂತಿ. ನಿಮ್ಮ ಆಶೀರ್ವಾದ ನಮ್ಮ ಮೂವರ ಮೇಲಿರಲಿ, ಉಳಿದರೆ ಉಮ್ಮರನ ಮನೆಗೂ ಸ್ವಲ್ಪ.

ನಿಮ್ಮ ಅಳಿಯ,
ಕಮಲಾಕ್ಷ

ಅಮ್ಮಾ, ಇದು ದಮಯಂತಿ. ಮಕ್ಕಳು ಕಡಿಮೆ ಎಂದು ಶಾಲೆ ಬೇಗ ಬಿಟ್ಟರು. ಇವರು ಮೂರೂ ಮಕ್ಕಳನ್ನು ಕರೆದುಕೊಂಡು ರುಕ್ಮಯ್ಯನವರನ್ನು ಕಾಣಲು ಬೀದಿಗೆ ಹೋಗಿದ್ದಾರೆ, ಬರುವಷ್ಟರಲ್ಲಿ ಬರೆಯುತ್ತೇನೆ. ಬಸ್ಸಿನ ಸಂಗತಿ ನನಗೆ ಮರುದಿನವೇ ಗೊತ್ತಿತ್ತು, ಹೆಡ್ ಮಾಸ್ತರರ ತಂಗಿ ಅದೇ ಬಸ್ಸಿನಲ್ಲಿದ್ದರು. ಗೊತ್ತುಂಟು ಎಂದಿದ್ದರೆ ಇವರು ನಾಚಿಕೆಯಿಂದ ಅವತ್ತೇ ಮಗುವನ್ನು ನಿನ್ನ ಹತ್ತಿರ ಬಿಟ್ಟು ಬರುತ್ತಿದ್ದರು, ಅದಕ್ಕೆ ಸುಮ್ಮನಿದ್ದೆ. ಚೀಲ ಎರಡು ಸಲವೂ ಖಾಲಿ ಮಾಡಿದ್ದು ಮಕ್ಕಳಲ್ಲ ಅಮ್ಮಾ, ನಾನು. ನಿನ್ನ ಮಾತು ಮೀರಿದ್ದು ಇದೇ ಮೊದಲು. ಖಾಲಿ ಚೀಲವನ್ನೇ ರುಕ್ಮಯ್ಯನವರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಅಮ್ಮಣಿ ಎದ್ದು ಓಡಾಡುವ ದಿನ ಅದರಲ್ಲಿ ನಿನ್ನ ಸೀರೆ ತುಂಬಿಸಿಕೊಂಡು ಬಾ.